ಹಾಡಿನ ಕೊನೆಗೆ ಹೆಸರು ಯಾರದ್ದು?

ವಾಡಿ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ರೈಲ್ವೆ ಜಂಕ್ಷನ್, ಸಿಮೆಂಟ್ ಕಾರ್ಖಾನೆ, ಪಕ್ಕದ ಶಹಾಬಾದಿನ ಕಲ್ಲು. ನಮ್ಮ ಟಿವಿಯವರಿಗೂ ಅಷ್ಟೇ. ಬಿಸಿಲು ಏರಿದಾಗ, ರೈಲು ನಿಂತಾಗ, ಚುನಾವಣೆ ಬಂದಾಗ ಆ ಕಡೆ ಕ್ಯಾಮೆರಾ ತಿರುಗಿಸ್ತೀವಿ. ಆಮೇಲೆ ಮರೆತುಬಿಡ್ತೀವಿ.

ಇವತ್ತು ನಾನು ಆ ಭಾಗದ ಹಾಡಿನ ಬಗ್ಗೆ ಮಾತಾಡ್ತೀನಿ. ಹಾಡಿನ ಜೊತೆಗೆ ಹಾಡಿನ ದುಡ್ಡಿನ ಬಗ್ಗೆಯೂ ಮಾತಾಡ್ತೀನಿ. ಯಾಕಂದ್ರೆ ಕಳೆದ ಹತ್ತು ವರ್ಷದಲ್ಲಿ ಉತ್ತರ ಕರ್ನಾಟಕದಲ್ಲಿ ಒಂದು ಹೊಸ ಉದ್ಯಮ ಎದ್ದು ನಿಂತಿದೆ. ಅದಕ್ಕೆ ಕಟ್ಟಡ ಇಲ್ಲ, ಬೋರ್ಡ್ ಇಲ್ಲ. ಇರೋದು ಒಂದು ಮೊಬೈಲು, ಒಂದು ಮೈಕು, ಒಂದು ಯೂಟ್ಯೂಬ್ ಚಾನೆಲ್ಲು. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಹುಡುಗರ ಕೈಗೂ ಅದು ಸಿಕ್ಕಿದೆ. ಪ್ರಶ್ನೆ ಏನು ಅಂದ್ರೆ, ಹಾಡು ಊರೆಲ್ಲಾ ಸುತ್ತುತ್ತಿದೆ, ಹಾಡಿದವನ ಕೈಗೆ ಏನು ಬರ್ತಿದೆ?

ಮೊದಲು ಆ ನೆಲದ ಹಾಡಿನ ಸಂಪತ್ತು ಎಂಥದ್ದು ಅಂತ ನೋಡಿ. ವಾಡಿಯಲ್ಲಿ ಹೈದರಾಬಾದ್ ಕಡೆಯ ರೈಲು ಹತ್ತಿದ್ರೆ ಚಿತ್ತಾಪುರ, ಆಮೇಲೆ ಮಳಖೇಡ ರೋಡ್, ಆಮೇಲೆ ಸೇಡಂ. ನಿಜಾಮರ ಕಾಲದಲ್ಲಿ, 1874ರಲ್ಲಿ, ಸಿಕಂದರಾಬಾದಿನವರೆಗೆ ಹಾಕಿದ ಹಳಿ ಅದು. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಆ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ. ಓದು ಬರಹ ಕಲಿಯದಿದ್ದರೂ ಕಾವ್ಯ ಕಟ್ಟಬಲ್ಲ ಜನ ಈ ನಾಡಿನವರು ಅಂತ ಅದರಲ್ಲಿ ಹೇಳಿದೆ. ಇದು ಬರೀ ಹೊಗಳಿಕೆ ಅಂತ ನನಗೆ ಅನಿಸಲ್ಲ. ಆ ಮಾತಿಗೆ ಸಾಕ್ಷಿ ಈಗಲೂ ಸಿಗುತ್ತೆ.

ಕಲಬುರಗಿ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಇವತ್ತಿಗೂ ಭಜನಾ ಮಂಡಳಿಗಳು ರಾತ್ರಿ ಪೂರ್ತಿ ಹಾಡ್ತವೆ. ಅವರ ಪರಂಪರೆಯಲ್ಲೇ ಚನ್ನೂರ ಜಲಾಲಸಾಬರು ಬಂದ್ರು. ಮೊಹರಂ ಬಂದ್ರೆ ರಿವಾಯತ್ ಪದ. ಅಲ್ಲಿ ಹಾಡುವವನ ಜಾತಿ ಧರ್ಮ ಯಾರೂ ಕೇಳಲ್ಲ. ವಾಡಿ ಹತ್ತಿರದ ಹಲಕಟ್ಟಾ ದರ್ಗಾದ ಉರುಸಿಗೆ ಖವ್ವಾಲಿ. ಚಿಂಚೋಳಿ, ಸೇಡಂ, ಚಿತ್ತಾಪುರದ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಹಾಡು. ಅದರ ಜೊತೆಗೆ ಡೊಳ್ಳಿನ ಪದ, ಗೀಗಿ ಪದ, ಲಾವಣಿ, ಹಂತಿ ಪದ.

ಈ ಪದಗಳಲ್ಲಿ ಒಂದು ಪದ್ಧತಿ ಇದೆ, ಗಮನಿಸಿದ್ದೀರಾ? ಕೊನೆಯ ನುಡಿಯಲ್ಲಿ ಒಂದು ಹೆಸರು ಬರುತ್ತೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಶಿಶುನಾಳ ಶರೀಫರಿಗೆ ಶಿಶುನಾಳಾಧೀಶ. ಅದನ್ನು ಅಂಕಿತ ಅಂತೀವಿ. ಗೀಗಿ, ಲಾವಣಿ ಕಟ್ಟಿದವರು ತಮ್ಮ ಊರಿನ ಹೆಸರು, ಗುರುವಿನ ಹೆಸರು ಸೇರಿಸ್ತಿದ್ರು. ಹಾಡು ಯಾರ ಬಾಯಿಗೆ ಹೋದರೂ ಕೊನೆಗೆ ಕಟ್ಟಿದವನ ಗುರುತು ಉಳೀತಿತ್ತು. ಕಾಗದ ಇಲ್ಲದ ಕಾಲದ ಕಾಪಿರೈಟ್ ಅಂತ ಬೇಕಾದ್ರೆ ಅನ್ನಿ. ಇವತ್ತಿನ ಯೂಟ್ಯೂಬ್ ಜಾನಪದ ಹಾಡು ಕೇಳಿ. ಅಲ್ಲೂ ಗಾಯಕನ ಹೆಸರು, ಸಾಹಿತ್ಯ ಬರೆದವನ ಹೆಸರು, ಊರಿನ ಹೆಸರು ಹಾಡಿನ ಒಳಗೇ ಬಂದುಬಿಡುತ್ತೆ. ಪದ್ಧತಿ ಸತ್ತಿಲ್ಲ. ಆದರೆ ಈ ಕಾಲಕ್ಕೆ ಅದೊಂದೇ ಸಾಲೋದಿಲ್ಲ. ಇವತ್ತು ನಾನು ಹೇಳಬೇಕಿರೋದು ಅದನ್ನೇ.

ಭಾರತದಲ್ಲಿ ಗ್ರಾಮಾಫೋನ್ ರೆಕಾರ್ಡಿಂಗ್ ಶುರುವಾಗಿದ್ದು 1902ರಲ್ಲಿ, ಕಲ್ಕತ್ತಾದಲ್ಲಿ. ಆಗ ಹಾಡಿದವರಲ್ಲಿ ಒಬ್ಬರು ಗೌಹರ್ ಜಾನ್. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗೌಹರ್ ಜಾನ್. ಹಾಡು ಮುಗಿದ ತಕ್ಷಣ ಅವರು ತಮ್ಮ ಹೆಸರು ಹೇಳ್ತಿದ್ರು. ಯಾಕೆ? ರೆಕಾರ್ಡು ಒತ್ತೋದು ದೂರದೇಶದ ಕಾರ್ಖಾನೆಯಲ್ಲಿ. ಅಲ್ಲಿನವರಿಗೆ ಯಾವ ತಟ್ಟೆ ಯಾರದ್ದು ಅಂತ ಗೊತ್ತಾಗಬೇಕಲ್ಲ! ಯಂತ್ರ ಬಂದ ಮೊದಲ ದಿನದಿಂದಲೂ ಪ್ರಶ್ನೆ ಇದೇ ನೋಡಿ: ಹಾಡು ಯಾರದ್ದು ಅಂತ ಗುರುತು ಹಾಕೋದು ಹೇಗೆ?

ಆಮೇಲೆ ರೇಡಿಯೊ ಬಂತು. ಕಲಬುರಗಿಗೆ ಆಕಾಶವಾಣಿ ಬಂದದ್ದು 1966ರಲ್ಲಿ. ಹಳ್ಳಿಯ ಕಲಾವಿದ ಧ್ವನಿಪರೀಕ್ಷೆ ಪಾಸಾಗಿ ರೇಡಿಯೊದಲ್ಲಿ ಹಾಡಿದ ಅಂದ್ರೆ ಊರಿಗೇ ಹೆಮ್ಮೆ. ಸಣ್ಣದಾದರೂ ಸಂಭಾವನೆ ಇತ್ತು. ಆದರೆ ಬಾಗಿಲು ಒಂದೇ, ಕಾಯುವವರು ನೂರಾರು ಜನ.

ಆಮೇಲೆ ಕ್ಯಾಸೆಟ್. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಕನ್ನಡದಲ್ಲಿ ಭಾವಗೀತೆ ಮನೆಮನೆಗೆ ಹೋಯ್ತು. ಎಂಬತ್ತು, ತೊಂಬತ್ತರ ದಶಕದಲ್ಲಿ ಕ್ಯಾಸೆಟ್ ಅಗ್ಗ ಆಯ್ತು. ನಮ್ಮ ಉತ್ತರ ಕರ್ನಾಟಕದಲ್ಲಿ ಗುರುರಾಜ ಹೊಸಕೋಟೆಯವರಂಥ ಜಾನಪದ ಗಾಯಕರ ಕ್ಯಾಸೆಟ್ಟುಗಳು ಜಾತ್ರೆಗಳಲ್ಲಿ, ಬಸ್‌ಸ್ಟ್ಯಾಂಡುಗಳಲ್ಲಿ ಮಾರಾಟವಾದವು. ಆದರೆ ಕ್ಯಾಸೆಟ್ ತೆಗೆಯೋದಕ್ಕೆ ಕಂಪನಿ ಬೇಕು. ರೆಕಾರ್ಡಿಂಗಿಗೆ ದೊಡ್ಡ ಊರಿಗೆ ಹೋಗಬೇಕು. ಕಂಪನಿ ಒಂದು ಸಲ ದುಡ್ಡು ಕೊಟ್ರೆ ಮುಗೀತು. ಎಷ್ಟು ಕ್ಯಾಸೆಟ್ ಹೋಯ್ತು ಅನ್ನೋ ಲೆಕ್ಕ ಹಾಡಿದವನಿಗೆ ಸಿಗ್ತಿರಲಿಲ್ಲ.

ನಂತರ ಬಂದದ್ದು ಮೆಮೊರಿ ಕಾರ್ಡಿನ ಕಾಲ. ಮೊಬೈಲ್ ಅಂಗಡಿಗೆ ಹೋಗಿ ಹತ್ತಿಪ್ಪತ್ತು ರೂಪಾಯಿ ಕೊಟ್ರೆ ನೂರಾರು ಹಾಡು ತುಂಬಿಸಿ ಕೊಡ್ತಿದ್ರು. ಕೇಳುಗರಿಗೆ ಹಬ್ಬ. ಹಾಡಿದವನಿಗೆ ಬಿಡಿಗಾಸೂ ಇಲ್ಲ. ಕ್ಯಾಸೆಟ್ ಕಂಪನಿಗಳೇ ಆ ಹೊಡೆತಕ್ಕೆ ಮುಚ್ಚಿಹೋದವು.

ಈಗಿನ ಅಧ್ಯಾಯ ಶುರುವಾಗಿದ್ದು 2016ರ ಸೆಪ್ಟೆಂಬರಿನಲ್ಲಿ. ಜಿಯೊ ಬಂತು. ತಿಂಗಳುಗಟ್ಟಲೆ ಡೇಟಾ ಫ್ರೀ. ಅಲ್ಲಿಯವರೆಗೆ ಒಂದು ಹಾಡು ಇಳಿಸಿಕೊಳ್ಳೋಕೂ ಯೋಚನೆ ಮಾಡ್ತಿದ್ದ ಹುಡುಗ ದಿನಕ್ಕೆ ಎರಡು ಮೂರು ಗಂಟೆ ವಿಡಿಯೊ ನೋಡೋಕೆ ಶುರು ಮಾಡಿದ. ಕಲಬುರಗಿ ಕಡೆಯಿಂದ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯೋಕೆ ಹೋದ ಜನ ಎಷ್ಟೊಂದು ಇದ್ದಾರೆ, ನಿಮಗೇ ಗೊತ್ತು. ಕಟ್ಟಡ ಕೆಲಸ ಮುಗಿಸಿ ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗುವ ಮನುಷ್ಯನಿಗೆ ತನ್ನ ಊರಿನ ಮಾತಿನ ಹಾಡು ಕೈಯಲ್ಲೇ ಸಿಕ್ತು. ಅವನು ಕೇಳೋದು ಬೆಂಗಳೂರಿನ ಕನ್ನಡ ಅಲ್ಲ. ‘ಅದ’, ‘ಹೋಗ್ಯಾನ’, ‘ಬರ್ತೀ ಏನ’ ಅನ್ನೋ ಕನ್ನಡ. ಈ ಕೇಳುಗ ಇದ್ದಾನೆ ಅನ್ನೋದೇ ಅಲ್ಲಿವರೆಗೆ ಯಾವ ಕಂಪನಿಗೂ ಗೊತ್ತಿರಲಿಲ್ಲ.

ಗೊತ್ತಾದ ಮೇಲೆ ಏನಾಯ್ತು? 2018ರಲ್ಲಿ ‘ರ‍್ಯಾಂಬೊ 2’ ಸಿನಿಮಾ ಬಂತು. ಅದರ ‘ಚುಟುಚುಟು’ ಹಾಡು ಬರೆದವರು ಶಿವು ಭೇರಗಿ, ಹಾಡಿದವರು ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್. ಉತ್ತರ ಕರ್ನಾಟಕದ ಮಾತು, ಅಲ್ಲಿನ ಧಾಟಿ. ಇಡೀ ರಾಜ್ಯ ಕುಣೀತು. ಅದೇ ಹೊತ್ತಿಗೆ ಹಾವೇರಿ ಜಿಲ್ಲೆಯ ತಾಂಡಾದಿಂದ ಬಂದ, ಕುರಿ ಕಾಯುತ್ತಿದ್ದ ಹನುಮಂತ ಲಮಾಣಿ ‘ಸರಿಗಮಪ’ ವೇದಿಕೆಯಲ್ಲಿ ಮನೆಮಾತಾದ. 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದ. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಅವರದ್ದು ಇನ್ನೂ ದೊಡ್ಡ ಉದಾಹರಣೆ. ಅವರ ‘ನಾ ಡ್ರೈವರಾ’ ಹಾಡಿಗೆ ಹಿಂದೆ ಸಿನಿಮಾ ಇಲ್ಲ, ಸ್ಟಾರ್ ಇಲ್ಲ. ಯೂಟ್ಯೂಬಿನಲ್ಲಿ ಕೋಟಿಗಟ್ಟಲೆ ವ್ಯೂ. 2025ರಲ್ಲಿ ಅವರೂ ಬಿಗ್ ಬಾಸ್ ಮನೆಗೆ ಹೋದ್ರು. ಮೊದಲು ಹಾಡು ಸಿನಿಮಾದಿಂದ ಹಳ್ಳಿಗೆ ಬರ್ತಿತ್ತು. ಈಗ ಹಳ್ಳಿಯಲ್ಲಿ ಗೆದ್ದ ಹಾಡನ್ನು ಟಿವಿ, ಸಿನಿಮಾದವರು ಹುಡುಕಿಕೊಂಡು ಹೋಗ್ತಾರೆ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಸೇಡಂ ದಾಟಿ ಮುಂದೆ ಹೋದ್ರೆ ತಾಂಡೂರು, ಅದು ತೆಲಂಗಾಣ. 2021ರಲ್ಲಿ ಅಲ್ಲಿ ‘ಬುಲ್ಲೆಟ್ಟು ಬಂಡಿ’ ಅನ್ನೋ ಹಾಡು ಬಂತು. ಅದೂ ಸಿನಿಮಾ ಹಾಡಲ್ಲ. ಒಬ್ಬ ಮದುಮಗಳು ತನ್ನ ಮದುವೆಯಲ್ಲಿ ಅದಕ್ಕೆ ಕುಣಿದ ವಿಡಿಯೊ ಹರಿದಾಡಿ ಆ ಹಾಡು ನಮ್ಮ ಗಡಿ ಊರುಗಳ ಡಿಜೆಗಳಲ್ಲೂ ಮೊಳಗಿತು. ರೇಣುಕಾ ಪನ್ವಾರ್ ಹಾಡಿದ ಹರಿಯಾಣವಿ ಹಾಡು ‘52 ಗಜ್ ಕಾ ದಾಮನ್’ ಯೂಟ್ಯೂಬಿನಲ್ಲಿ 100 ಕೋಟಿ ವ್ಯೂ ದಾಟಿತು. ಹರಿಯಾಣವಿ ಅನ್ನೋ ಭಾಷೆಗೆ ದೊಡ್ಡ ಸಿನಿಮಾ ಉದ್ಯಮವೇ ಇಲ್ಲ, ನೆನಪಿರಲಿ.

ಸರಿ, ಹಾಡು ಬೆಳೀತು. ಈಗ ದುಡ್ಡಿನ ದಾರಿ ಹೇಗಿದೆ ನೋಡೋಣ. ನಾನು ಟಿವಿಯವನು. ಟಿಆರ್‌ಪಿ ಬಂತು ಅಂದ ಮಾತ್ರಕ್ಕೆ ಸ್ಟುಡಿಯೊದಲ್ಲಿ ಕೂತವನ ಜೇಬು ತುಂಬಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತು. ವ್ಯೂ ಕೂಡ ಹಾಗೇ. ಲಕ್ಷ ವ್ಯೂ ಅಂದ್ರೆ ಲಕ್ಷ ರೂಪಾಯಿ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ.

ಯೂಟ್ಯೂಬಿನಲ್ಲಿ ಜಾಹೀರಾತಿನ ದುಡ್ಡು ಶುರುವಾಗಬೇಕಾದ್ರೆ ಚಾನೆಲ್ಲಿಗೆ 1,000 ಸಬ್‌ಸ್ಕ್ರೈಬರ್ಸ್ ಬೇಕು. ಜೊತೆಗೆ ಒಂದು ವರ್ಷದಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸಿಗೆ 1 ಕೋಟಿ ವ್ಯೂ ಬಂದಿರಬೇಕು. ಅದಾದ ಮೇಲೆ, ಉದ್ದದ ವಿಡಿಯೊ ಮೇಲೆ ಬಂದ ಜಾಹೀರಾತಿನಿಂದ 100 ರೂಪಾಯಿ ಬಂತು ಅಂದ್ಕೊಳ್ಳಿ. 45 ರೂಪಾಯಿ ಯೂಟ್ಯೂಬಿಗೆ, 55 ರೂಪಾಯಿ ಚಾನೆಲ್ಲಿಗೆ. ಮತ್ತೊಮ್ಮೆ ಹೇಳ್ತೀನಿ, ಚಾನೆಲ್ಲಿಗೆ. ಹಾಡಿದವನಿಗೆ ಅಂತ ನಾನು ಹೇಳಿಲ್ಲ. ಹಾಡು ಬರೆದವನಿಗೆ ಅಂತಲೂ ಹೇಳಿಲ್ಲ. ಚಾನೆಲ್ ಯಾರ ಜಿಮೇಲಿನಲ್ಲಿದೆಯೋ, ಅದಕ್ಕೆ ಯಾರ ಬ್ಯಾಂಕ್ ಖಾತೆ ಜೋಡಿಸಿದೆಯೋ ಅವನಿಗೆ.

ಸ್ಪಾಟಿಫೈ ಥರದ ಆ್ಯಪ್‌ಗಳ ಲೆಕ್ಕ ಬೇರೆ. ಚಂದಾ ಮತ್ತು ಜಾಹೀರಾತಿನ ದುಡ್ಡೆಲ್ಲಾ ಒಂದು ರಾಶಿ ಹಾಕ್ತಾರೆ. ಕಂಪನಿಯ ಪಾಲು ತೆಗೆದು, ಉಳಿದದ್ದನ್ನು ಯಾವ ಹಾಡು ಎಷ್ಟು ಸಲ ಕೇಳಿಸಿತು ಅನ್ನೋ ಪ್ರಮಾಣದಲ್ಲಿ ಹಂಚ್ತಾರೆ. ಕಣದಲ್ಲಿ ರಾಶಿ ಹಾಕಿ ಪಾಲು ಅಳೆದಂತೆ. 2024ರಿಂದ ಸ್ಪಾಟಿಫೈ ಇನ್ನೊಂದು ನಿಯಮ ತಂದಿದೆ. ವರ್ಷಕ್ಕೆ 1,000 ಸಲವಾದ್ರೂ ಕೇಳಿಸದ ಹಾಡಿಗೆ ಆ ರಾಶಿಯಲ್ಲಿ ಪಾಲೇ ಇಲ್ಲ. ಅಲ್ಲಿಗೆ ನೇರವಾಗಿ ಹಾಡು ಹಾಕೋಕೂ ಆಗಲ್ಲ, ನಡುವೆ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು. ಹಾಡಿನ ಒಡೆಯ ಯಾರು, ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು ಅಂತ ಅವನ ಫಾರ್ಮಿನಲ್ಲಿ ತುಂಬಬೇಕು. ಅಲ್ಲಿ ಯಾರ ಹೆಸರು ಬೀಳುತ್ತೋ, ಕಂಪ್ಯೂಟರಿನ ಲೆಕ್ಕದಲ್ಲಿ ಹಾಡು ಅವನದ್ದೇ. ಇದೇ ಈ ಕಾಲದ ಅಂಕಿತ. ಹಾಡಿನೊಳಗೆ ಎಷ್ಟು ಸಲ ನಿಮ್ಮ ಹೆಸರು ಕೂಗಿದ್ರೂ ಕಂಪ್ಯೂಟರಿಗೆ ಅದು ಕೇಳಿಸಲ್ಲ. ಅದು ನೋಡೋದು ಫಾರ್ಮಿನ ಖಾನೆ ಮಾತ್ರ.

ಡಿಜೆ ದುಡ್ಡು ಏನಾಗುತ್ತೆ ಅಂತ ಕೇಳ್ತೀರಾ? ಜಾನಪದ ಹಾಡು ಹಿಟ್ ಆಗೋದೇ ಮದುವೆ ಮೆರವಣಿಗೆಯ ಡಿಜೆಯಲ್ಲಿ. ಆದರೆ ಅಲ್ಲಿ ಹಾಕಿದ ಹಾಡಿಗೆ ರಾಯಲ್ಟಿ ಇಲ್ಲ. ಮದುವೆ ಮೆರವಣಿಗೆಗೆ ಕಾಪಿರೈಟ್ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಅದು ಸರಿಯೂ ಹೌದು, ಬಡವರ ಮದುವೆಯಲ್ಲಿ ಹಾಡಿಗೆ ತೆರಿಗೆ ಬೇಡ. ಹಾಗಾದ್ರೆ ಗಾಯಕನ ಹೊಟ್ಟೆಪಾಡು ಹೇಗೆ? ಜಾತ್ರೆ, ಹಬ್ಬ, ರಸಮಂಜರಿ ಕಾರ್ಯಕ್ರಮಗಳಿಂದ. ಯೂಟ್ಯೂಬ್ ಅವನಿಗೆ ವಿಸಿಟಿಂಗ್ ಕಾರ್ಡ್ ಇದ್ದಂತೆ. ಹೆಸರು ಬರುತ್ತೆ, ಆ ಹೆಸರಿನಿಂದ ಕಾರ್ಯಕ್ರಮ ಬರುತ್ತೆ. ಗಂಟಲು ಗಟ್ಟಿ ಇರುವವರೆಗೆ ಸರಿ. ಗಂಟಲು ಕೈಕೊಟ್ಟ ದಿನ ಅವನಿಗೆ ಅನ್ನ ಹಾಕಬೇಕಾದದ್ದು ಹಳೆಯ ಹಾಡಿನ ರಾಯಲ್ಟಿ. ಆ ಹಾಡಿನ ಹಕ್ಕನ್ನೇ ಕೊಟ್ಟುಬಿಟ್ಟಿದ್ರೆ?

ಇಲ್ಲೇ ನಿಜವಾದ ಸಮಸ್ಯೆ. ಹಳ್ಳಿಯಲ್ಲಿ ವ್ಯವಹಾರ ಬಾಯಿಮಾತಲ್ಲೇ ನಡೆಯೋದು. ‘ಹಾಡು ಹಾಡಿಬಿಡು ತಮ್ಮಾ, ನಮ್ಮ ಚಾನೆಲ್ಲಿಗೆ ಹಾಕ್ತೀವಿ, ಹೆಸರು ಬರ್ತದ’ ಅಂತ ಹೇಳಿದ್ರೆ ಹುಡುಗ ಸ್ಟುಡಿಯೊಕ್ಕೆ ಹೋಗ್ತಾನೆ. ಕೆಲವು ಸಾವಿರ ಸಿಕ್ಕರೆ ದೊಡ್ಡದು. ಎಷ್ಟೋ ಕಡೆ ರೆಕಾರ್ಡಿಂಗ್ ಖರ್ಚು ಅವನದ್ದೇ. ಹಾಡು ಗೆದ್ದ ಮೇಲೆ ಊರವರು ‘ಎಷ್ಟ್ ವ್ಯೂ ಆಗ್ಯಾವೋ?’ ಅಂತ ಕೇಳ್ತಾರೆ. ಎಷ್ಟು ದುಡ್ಡು ಬಂತು ಅಂತ ಕೇಳಿದ್ರೆ ಅವನ ಹತ್ತಿರ ಉತ್ತರ ಇರಲ್ಲ. ಚಾನೆಲ್ ನಡೆಸುವವರೆಲ್ಲಾ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಕ್ಯಾಮೆರಾ, ಎಡಿಟಿಂಗ್, ಮಿಕ್ಸಿಂಗ್ ಎಲ್ಲದಕ್ಕೂ ದುಡ್ಡು ಹಾಕಿ, ಹತ್ತು ಹಾಡಲ್ಲಿ ಒಂಬತ್ತು ಸೋತು, ಒಂದರಲ್ಲಿ ಗೆಲ್ಲುವವರು ಅವರು. ಅವರಿಗೂ ಪಾಲು ಬೇಕು. ಆದರೆ ಪಾಲು ಅಂದ್ರೆ ಪಾಲು. ಇಡೀ ರೊಟ್ಟಿ ಅಲ್ಲ.

ಕಾನೂನು ಏನು ಹೇಳುತ್ತೆ? ಇದು ಪ್ರತಿಯೊಬ್ಬ ಹಾಡುಗಾರನಿಗೂ ಬಾಯಿಪಾಠ ಆಗಬೇಕು. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು, 2012ರಲ್ಲಿ ದೊಡ್ಡ ತಿದ್ದುಪಡಿ ಆಯ್ತು. ಅದರ 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ಸಹಿ ಇರಬೇಕು. ಬಾಯಿಮಾತಲ್ಲಿ ಹಕ್ಕು ಹೋಗಲ್ಲ. ಪತ್ರದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ ಅಂದ್ರೆ 5 ವರ್ಷ ಅಂತ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ. ಸಾಹಿತ್ಯ ಬರೆದವನು, ಸಂಗೀತ ಹಾಕಿದವನು ಹಕ್ಕು ಕೊಟ್ಟರೂ ಆ ಹಾಡಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಅವರ ಸಮಪಾಲನ್ನು ಬರೆಸಿಕೊಳ್ಳೋಕೆ ಬರಲ್ಲ. ಅದನ್ನು ಬಿಟ್ಟುಕೊಡ್ತೀನಿ ಅಂತ ಸಹಿ ಹಾಕಿದ್ರೂ ಆ ಸಹಿ ನಿಲ್ಲಲ್ಲ. ಹಾಡುವವನಿಗೆ ಕಲಾವಿದನ ಹಕ್ಕು ಅಂತ ಬೇರೆ ಇದೆ, 50 ವರ್ಷ. ಬರೆದವರಿಗೆ, ಸಂಗೀತಗಾರರಿಗೆ ಐಪಿಆರ್‌ಎಸ್ ಅನ್ನೋ ಸಂಘ 1969ರಿಂದ ಇದೆ. ಸದಸ್ಯರಾದವರ ಪಾಲನ್ನು ವಸೂಲಿ ಮಾಡಿ ಕೊಡೋದೇ ಅದರ ಕೆಲಸ. ಚಿತ್ತಾಪುರದ ಕವಿಗೂ ಅದರ ಬಾಗಿಲು ತೆರೆದಿದೆ, ಬೆಂಗಳೂರಿನ ಕವಿಗೂ ತೆರೆದಿದೆ.

ಇನ್ನೊಂದು ಅಪಾಯ ಇದೆ. ಅದು ಹಳೆಯ ಹಾಡುಗಳದ್ದು. ಮಡಿವಾಳಪ್ಪನವರ ಪದ, ಶರೀಫರ ಪದ ಎಲ್ಲರ ಆಸ್ತಿ. ಬರೆದವರು ತೀರಿಕೊಂಡ 60 ವರ್ಷದ ನಂತರ ಸಾಹಿತ್ಯದ ಹಕ್ಕು ಮುಗಿಯುತ್ತೆ. ಯಾರು ಬೇಕಾದ್ರೂ ಹಾಡಬಹುದು. ಆದರೆ ಒಬ್ಬರು ಹಾಡಿ ಮಾಡಿದ ರೆಕಾರ್ಡಿಂಗ್ ಇದೆಯಲ್ಲ, ಅದು ಅವರದ್ದು. ಅದಕ್ಕೆ 60 ವರ್ಷ ಹಕ್ಕು ಇದೆ. ಈ ಎರಡರ ನಡುವಿನ ವ್ಯತ್ಯಾಸ ಯಂತ್ರಕ್ಕೆ ಕೆಲವು ಸಲ ತಿಳಿಯಲ್ಲ. ಯೂಟ್ಯೂಬಿನಲ್ಲಿ ಕಂಟೆಂಟ್ ಐಡಿ ಅಂತ ಒಂದು ವ್ಯವಸ್ಥೆ ಇದೆ, 2007ರಿಂದ. ಹಾಡಿನ ಧಾಟಿ ಹೋಲಿಸಿ ‘ಇದು ನಮ್ಮದು’ ಅಂತ ಕ್ಲೇಮ್ ಹಾಕುತ್ತೆ. ಆ ಅಸ್ತ್ರ ಇರೋದು ದೊಡ್ಡ ಹಕ್ಕುದಾರರ ಕೈಯಲ್ಲಿ, ಸಣ್ಣ ಚಾನೆಲ್ಲುಗಳಿಗೆ ಸಿಗಲ್ಲ. ಹಾಗಾಗಿ ಅಜ್ಜನ ಕಾಲದ ಪದವನ್ನು ಮೊಮ್ಮಗ ತನ್ನ ದನಿಯಲ್ಲಿ ಹಾಡಿದಾಗಲೂ ಕ್ಲೇಮ್ ಬೀಳಬಹುದು. ಹೆದರಬೇಡಿ. ಡಿಸ್ಪ್ಯೂಟ್ ಹಾಕಿ. ಎದುರಿನವರು 30 ದಿನದಲ್ಲಿ ಉತ್ತರ ಕೊಡದಿದ್ದರೆ ಕ್ಲೇಮ್ ಬಿದ್ದುಹೋಗುತ್ತೆ.

ತಾಂಡಾದ ಹೆಣ್ಣುಮಕ್ಕಳ ಹಾಡಿನ ವಿಷಯ ಇನ್ನೂ ಸೂಕ್ಷ್ಮ. ಆ ಭಾಷೆಗೆ ತನ್ನದೇ ಲಿಪಿ ಇಲ್ಲ. ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರ ಎಲ್ಲಾ ಕಡೆ ಅದೇ ಮಾತಾಡುವ ಜನ ಇದ್ದಾರೆ. ಅಂದ್ರೆ ಚಿಂಚೋಳಿಯ ತಾಂಡಾದ ಹಾಡಿಗೆ ಮೂರು ರಾಜ್ಯದ ಕೇಳುಗರು! ಸ್ಟ್ರೀಮಿಂಗ್ ಬಂದಿದ್ದರಿಂದ ಆದ ದೊಡ್ಡ ಲಾಭ ಇದು. ಆದರೆ ಯಾರೋ ಮೊಬೈಲ್ ಹಿಡಿದು ಬಂದು, ಹಾಡಿಸಿಕೊಂಡು, ತಮ್ಮ ಚಾನೆಲ್ಲಿಗೆ ಹಾಕಿ, ಹಾಡಿದ ತಾಯಂದಿರ ಹೆಸರನ್ನೂ ಬರೆಯದೇ ಇದ್ರೆ? ಅಲ್ಲಿ ಲೂಟಿ ಆಗೋದು ದುಡ್ಡು ಮಾತ್ರ ಅಲ್ಲ. ಒಂದು ಜನಾಂಗದ ಅಂಕಿತವೇ ಅಳಿಸಿಹೋಗುತ್ತೆ.

ಈ ಹಾಡುಗಳ ಗುಣಮಟ್ಟದ ಬಗ್ಗೆ ತಕರಾರು ಇರೋದೂ ನನಗೆ ಗೊತ್ತು. ಎಲ್ಲಾ ಲವ್ ಫೇಲ್ಯೂರ್ ಹಾಡು, ಎರಡರ್ಥದ ಮಾತು, ಕಿವಿ ಹರಿಯುವ ಡಿಜೆ ಅಂತ ಹಿರಿಯರು ಬೈತಾರೆ. ತಕರಾರಿನಲ್ಲಿ ಸತ್ಯ ಇದೆ. ಯಾವುದು ಹೆಚ್ಚು ಓಡುತ್ತೋ ಅದನ್ನೇ ಯಂತ್ರ ಮತ್ತೆ ಮತ್ತೆ ತೋರಿಸುತ್ತೆ. ಅದನ್ನೇ ನೋಡಿ ಮುಂದಿನ ಹುಡುಗನೂ ಅದನ್ನೇ ಬರೀತಾನೆ. ನಾವು ಟಿವಿಯವರು ಈ ವಿಷಯದಲ್ಲಿ ಯಾರಿಗೂ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ, ಬಿಡಿ. ಆದರೆ ಒಂದು ಮಾತು. ವ್ಯೂ ಒಂದನ್ನೇ ನಂಬಿ ಬದುಕುವವನು ವ್ಯೂ ಬರುವಂಥದ್ದನ್ನೇ ಹಾಡ್ತಾನೆ. ಹಳೆಯ ಹಾಡಿನಿಂದ ರಾಯಲ್ಟಿ ಬರುವಂತಾದ್ರೆ, ಹೊಸದೊಂದು ಪ್ರಯೋಗ ಮಾಡೋಕೆ ಅವನಿಗೆ ಧೈರ್ಯ ಬರುತ್ತೆ. ಗುಣಮಟ್ಟದ ಪ್ರಶ್ನೆಗೂ ಹಕ್ಕಿನ ಪ್ರಶ್ನೆಗೂ ಸಂಬಂಧ ಇದೆ.

ಹಾಗಾದ್ರೆ ಏನು ಮಾಡಬೇಕು? ಹಾಡುವ ಹುಡುಗ ಹುಡುಗಿಯರಿಗೆ ನನ್ನ ಮಾತು ಇಷ್ಟೇ. ಒಂದು, ನಿಮ್ಮದೇ ಚಾನೆಲ್ ಇರಲಿ, ಅದು ನಿಮ್ಮದೇ ಜಿಮೇಲಿನಲ್ಲಿರಲಿ, ಪಾಸ್‌ವರ್ಡ್ ಗೆಳೆಯನಿಗೂ ಕೊಡಬೇಡಿ. ಎರಡು, ಬೇರೆಯವರ ಚಾನೆಲ್ಲಿಗೆ ಹಾಡುವ ಮೊದಲು ಒಂದು ಹಾಳೆ ಪತ್ರ ಮಾಡಿಸಿ: ಯಾವ ಹಾಡು, ಎಷ್ಟು ವರ್ಷಕ್ಕೆ, ಯಾರಿಗೆ ಎಷ್ಟು ಪಾಲು. ಮೂರು, ಹಾಡು ಬರೆದ ತಾರೀಖು, ರೆಕಾರ್ಡ್ ಮಾಡಿದ ಫೈಲು ಎರಡನ್ನೂ ಜೋಪಾನ ಮಾಡಿ. ನಾಳೆ ತಕರಾರು ಬಂದ್ರೆ ಅದೇ ಸಾಕ್ಷಿ. ನಾಲ್ಕು, ಡೊಳ್ಳು ಬಾರಿಸಿದವರು, ಹಿಮ್ಮೇಳ ಹಾಡಿದವರ ಹೆಸರನ್ನೂ ಬರೀರಿ. ನಿಮಗೆ ಬೇಕಾದ ನ್ಯಾಯ ಅವರಿಗೂ ಬೇಕು.

ಸರ್ಕಾರಕ್ಕೂ ಒಂದು ಮಾತು. 2011ರಲ್ಲಿ ನಾವು ಹಾವೇರಿ ಜಿಲ್ಲೆಯಲ್ಲಿ ಜಾನಪದ ವಿಶ್ವವಿದ್ಯಾಲಯ ಕಟ್ಟಿದ್ದೀವಿ. ಜಾನಪದ ಅಕಾಡೆಮಿ ಇದೆ, ಪ್ರಶಸ್ತಿ ಕೊಡ್ತೀವಿ, ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡ್ತೀವಿ. ಅದೇ ಕೈಯಲ್ಲಿ ಪ್ರತಿ ಜಿಲ್ಲೆಯಲ್ಲೂ ಒಂದು ಮೇಜು, ಒಬ್ಬ ತಿಳಿದ ವ್ಯಕ್ತಿಯನ್ನು ಇಡೋಕೆ ಆಗಲ್ವಾ? ಕಲಾವಿದ ಬಂದು ತನ್ನ ಹಾಡು ನೋಂದಾಯಿಸಲಿ, ಪತ್ರ ಓದಿಸಿಕೊಳ್ಳಲಿ, ಕ್ಲೇಮ್ ಬಂದ್ರೆ ಉತ್ತರ ಬರೆಸಿಕೊಳ್ಳಲಿ. ಮಾಸಾಶನಕ್ಕೆ ಕೈಚಾಚುವುದಕ್ಕಿಂತ ತನ್ನ ಹಾಡಿನ ದುಡ್ಡು ತಾನೇ ಎಣಿಸಿಕೊಳ್ಳೋದು ಎಷ್ಟೋ ಮರ್ಯಾದೆ.

ನಿಜಾಮರು ಹಾಕಿದ ಹಳಿಯ ಮೇಲೆ ವಾಡಿ ಸುತ್ತಲಿನ ಕಲ್ಲು ಹೋಯ್ತು, ಸಿಮೆಂಟ್ ಹೋಯ್ತು, ದುಡಿಯುವ ಜನವೂ ಹೋದ್ರು. ಊರಿಗೆ ವಾಪಸ್ ಬಂದದ್ದು ಎಷ್ಟು ಅನ್ನೋದು ಅಲ್ಲಿನವರಿಗೇ ಗೊತ್ತು. ಈಗ ಹಾಡೂ ಹೊರಟಿದೆ. ಆ ಕಡೆಯ ಹಾಡು ನಿಮ್ಮ ಮೊಬೈಲಿಗೆ ಬಂದಾಗ ಒಂದು ಕ್ಷಣ ನಿಲ್ಲಿ. ಕೆಳಗೆ ಸಾಹಿತ್ಯ ಯಾರದ್ದು, ಗಾಯನ ಯಾರದ್ದು ಅಂತ ಬರೆದಿದೆಯಾ ನೋಡಿ. ಬರೆದಿಲ್ಲ ಅಂದ್ರೆ ಕಮೆಂಟಿನಲ್ಲಿ ಒಂದೇ ಪ್ರಶ್ನೆ ಕೇಳಿ: ಈ ಹಾಡು ಕಟ್ಟಿದವರು ಯಾರ್ರೀ?